ಮನೆಯವರ ಖೋಲಿ

ದಾನವ್ವ ಇಳಕಲ್ ಸೀರೆ ಉಟ್ಟು ಪಡಸಾಲೆಗೆ ಬಂದು ನಿಂತಾಗ ಗುರುಬಸಪ್ಪ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ. ಹೆಂಡತಿಯನ್ನು ನೋಡಿ ಅವನ ಮೂರು ಬೆರಳು ಹಣೆಯ ನಡುವೆಯೇ ನಿಂತವು. ಆ ಸೀರೆ ಅವಳು ಯಾರದಾದರೂ ಲಗ್ನಕ್ಕೋ, ಜಂಗಮರು ಮನೆಗೆ ಬಂದಾಗಲೋ ಉಡುವಂಥದು. ಐತವಾರದ ಮಧ್ಯಾಹ್ನ, ಉಂಡ ತಾಟು ಇನ್ನೂ ಬಚ್ಚಲಲ್ಲಿ ಬಿದ್ದಿರುವಾಗ ಅದನ್ನು ಉಡುವಂಥ ಕಾರಣ ಮನೆಯಲ್ಲಿ ಯಾವುದೂ ಇರಲಿಲ್ಲ.

"ಇವತ್ತ ನಾನೂ ಬರ್ತೇನಿ," ಎಂದಳು.

"ಎಲ್ಲಿಗೆ?"

"ನೀವು ಹೋಗೂ ಸಾಲಿಗೆ. ಕಾಯಿಪಲ್ಲೆ ತರಾಕ ಹೋದಾಗ ಮೌಲಾಲಿ ಸಿಕ್ಕಿದ್ದ. ಕುಡಿಯೂದು ಬಿಡಾವ್ರದು ಒಂದ ಖೋಲಿ, ಅವರ ಮನಿಯವರದು ಎದುರಿಗೆ ಇನ್ನೊಂದ ಖೋಲಿ ಐತಂತ. 'ನೀವೂ ಬರ್ರಿ ಅವ್ವಾರ, ಹೆಣಮಕ್ಕಳು ಬಾಳ ಮಂದಿ ಬರ್ತಾರ' ಅಂದ. ನೀವು ನಿಮ್ಮ ಖೋಲ್ಯಾಗ ಕುಂಡರ್ರಿ, ನಾ ನಮ್ಮ ಖೋಲ್ಯಾಗ ಕುಂಡರ್ತೇನಿ."

"ನಿನ್ನ ಮೊಣಕಾಲಾಗ ಅಷ್ಟ ದೂರ ಯಾಕ..."

"ಬಸ್ಸು ನನ್ನ ಮೊಣಕಾಲ ಮ್ಯಾಲ ಹೋಗ್ತದೇನ್ರಿ?" ಎಂದು ನಕ್ಕಳು.

ಗುರುಬಸಪ್ಪ ನಿಂತಿದ್ದ ಬೆರಳನ್ನು ಹಣೆಯ ಕೊನೆಯವರೆಗೆ ಎಳೆದ. ಇಷ್ಟು ಐತವಾರ ಅವನು ಮನೆಯಿಂದ ಹೊರಟದ್ದು ಖರೆ, ಆ ಸಾಲೆಗೆ ಹೋದದ್ದೂ ಖರೆ, ಸಂಜೆ ಬಾಯಲ್ಲಿ ಯಾವ ವಾಸನೆಯೂ ಇಲ್ಲದೆ ತಿರುಗಿ ಬಂದದ್ದೂ ಖರೆ. ಅವನು ಬಂದ ಕೂಡಲೇ ಕೊಡೆ ಇಸಿದುಕೊಳ್ಳುವ ನೆಪ ಮಾಡಿ ದಾನವ್ವ ಹತ್ತಿರ ಬರುವಳು, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೊಳ್ಳುವಳು. ಸಂಶಯದಿಂದಲ್ಲ, ಬೆಳಿಗ್ಗೆಯ ಹಾಲು ಸಂಜೆಗೆ ಒಡೆದಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಮುಂಚೆ ಅವನು ಬಡೇಸೋಪು, ಲವಂಗ ಅಗಿದು ಬರುತ್ತಿದ್ದ. ಈಗ ಅಗಿಯಬೇಕಾದ್ದೇನೂ ಇರಲಿಲ್ಲ. ಆದರೆ ಅವಳು ಮೂಸುವಾಗ ಅವನು ಈಗಲೂ ಉಸಿರು ಬಿಗಿಹಿಡಿಯುತ್ತಿದ್ದ. ಏಕೆಂದರೆ ಇಷ್ಟು ಐತವಾರ ಅವನು ಕುಳಿತದ್ದು ಕುಡಿಯುವವರ ಖೋಲಿಯಲ್ಲಿ ಅಲ್ಲ. ಎದುರಿನದರಲ್ಲಿ, ಮನೆಯವರ ಖೋಲಿಯಲ್ಲಿ, ಹೆಣ್ಣುಮಕ್ಕಳ ನಡುವೆ ಕುಳಿತಿದ್ದ.

ಬೇಕೆಂದು ಮಾಡಿದ್ದಲ್ಲ. ಆಟೋ ಓಡಿಸುವ ಮೌಲಾಲಿ ಎಷ್ಟೋ ಸಲ ಅವನನ್ನು ಎತ್ತಿ ತಂದು ಮನೆ ಮುಟ್ಟಿಸಿದವನು, ಕೆಲವು ಸಲ ಜೊತೆಗೆ ಕುಳಿತು ಕುಡಿದವನೂ ಹೌದು. ಒಂದು ದಿನ ಆಟೋ ನಿಲ್ಲಿಸಿ, "ನಾ ಬಿಟ್ಟೇನ್ರಿ ಸಾವ್ಕಾರ. ಇದು ಒಬ್ಬಾವನ ಕೈಲೆ ಆಗೂದಲ್ರಿ. ಐತವಾರ ಸಾಲಿ ಖಾಲಿ ಇರ್ತದ, ಅಲ್ಲಿ ಕೂಡ್ತೇವ್ರಿ, ಬರ್ರಿ," ಎಂದಿದ್ದ. ಸಾವ್ಕಾರ! ಕಾಳಿನ ಅಂಗಡಿ ಮುಚ್ಚಿ ಎಷ್ಟೋ ಕಾಲವಾದರೂ ಮೌಲಾಲಿಯ ಬಾಯಲ್ಲಿ ಅವನಿನ್ನೂ ಸಾವ್ಕಾರ. ಮೊದಲ ಐತವಾರ ಗುರುಬಸಪ್ಪ ಒಂದು ಸ್ಟಾಪು ಮೊದಲೇ ಬಸ್ಸಿಳಿದು ಗೋಡೆಯ ನೆರಳು ಹಿಡಿದು ನಡೆದ. ಬಾರಿನ ಹಿಂಬಾಗಿಲಿಗೆ ಅಷ್ಟು ವರ್ಷ ತಲೆಯೆತ್ತಿಕೊಂಡು ಹೋದವನು ಸಾಲೆಯ ಗೇಟಿನಲ್ಲಿ ಟೊಪ್ಪಿಗೆಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಅಂಗಳದಲ್ಲಿ ಒಂದು ಬೇವಿನ ಗಿಡ, ಅದರ ಆಚೆ ಈಚೆ ಎದುರುಬದುರು ಎರಡು ಬಾಗಿಲು. ಒಂದರಿಂದ ಗಂಡಸರ ಕೆಮ್ಮು, ಇನ್ನೊಂದರಿಂದ ಹೆಂಗಸರ ದನಿ. ಗಿಡದ ಕೆಳಗೆ ಟೊಪ್ಪಿಗೆ ಹಿಂದೆ ಸರಿಸಿ ನಿಂತವನನ್ನು ಚಹಾದ ಕಿಟ್ಲಿ ಹಿಡಿದು ಹೊರಗೆ ಬಂದ ಸುಕನ್ಯಾ ನೋಡಿದಳು. ಆ ಖೋಲಿಯನ್ನು ನಡೆಸುವವಳು ಅವಳೇ. ಹಣೆಯ ವಿಭೂತಿ ನೋಡಿದಳು, ಒಗೆದ ಧೋತರ ನೋಡಿದಳು, ಬಿಳಿ ಟೊಪ್ಪಿಗೆ ನೋಡಿದಳು. "ಹೊರಗ ಯಾಕ ನಿಂತೀರಿ ಕಾಕಾ? ಮನಿಯವರದು ಇಲ್ಲೇರಿ, ಬರ್ರಿ, ನಾಚಬ್ಯಾಡ್ರಿ," ಎಂದಳು. ಅಲ್ಲ ತಂಗಿ, ನನ್ನದು ಆ ಖೋಲಿ ಅನ್ನಬೇಕಿತ್ತು. ಅಷ್ಟೇ ಮಾತು. ಆದರೆ ಹಾಗೆ ಮರ್ಯಾದೆ ಕೊಟ್ಟು ಅವನನ್ನು ಯಾರಾದರೂ ಒಳಗೆ ಕರೆದು ಬಹಳ ದಿನವಾಗಿತ್ತು. ಕಾಲು ಕರೆದತ್ತ ಹೋದವು.

ಒಳಗೆ ಸಣ್ಣ ಮಕ್ಕಳ ಬೆಂಚು, ಮೊಣಕಾಲು ಎದೆಗೆ ತಾಗುವಷ್ಟು ಗಿಡ್ಡ. ಗೋಡೆಯ ಮೇಲೆ ದೊಡ್ಡ ದೊಡ್ಡ ಅಕ್ಷರ. ಅವನ ಸಾಲೆ ಮುಗಿದದ್ದೂ ಹೆಚ್ಚುಕಡಿಮೆ ಆ ಅಕ್ಷರಗಳಲ್ಲೇ. ಕಾಯಿಪಲ್ಲೆ ಮಾರುವ ರೇಣವ್ವ ಎಂಬಾಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ತನ್ನ ಗಂಡನ ಮಾತು ಹೇಳುತ್ತಿದ್ದಳು. "ಚಪ್ಪಲಿ ಸಪ್ಪಳದಾಗ ಗೊತ್ತಾಗ್ತದ್ರಿ ನನಗ. ಹೆಜ್ಜಿ ನೆಟ್ಟಗ ಬಿದ್ದರ ಕುಡದಿಲ್ಲ. ಒಂದ ಕಾಲು ಎಳದರ ಕುಡದಾನ. ಎಳದದ್ದು ಕೇಳಿತಂದ್ರ ಎದ್ದ ಓಡಿ ಹೋಗಿ ಬಾಗಲಾ ತಗೀತೇನ್ರಿ. ಅಂವ ಬಾಗಲಾ ಬಡದು, ಹೊರಗ ನಿಂತು ಒದರಿದ ಅಂದ್ರ ಓಣಿ ಮಂದಿಯೆಲ್ಲಾ ಎದ್ದ ಕುಂಡರ್ತಾರ. ನೆಟ್ಟಗ ಬಂದ ದಿನ ಬೇಕಂದ್ರ ಬಡೀಲಿ, ನಾ ಏಳೂದಿಲ್ಲ." ಹೆಂಗಸರು ನಕ್ಕರು. ಗೊತ್ತಿದ್ದವರು ಗೊತ್ತಿದ್ದವರ ಮುಂದೆ ನಗುವ ನಗು ಅದು. ಗುರುಬಸಪ್ಪನಿಗೆ ನಗು ಬರಲಿಲ್ಲ. ಮದುವೆಯಾದಂದಿನಿಂದ ಅವನು ತನ್ನ ಮನೆಯ ಬಾಗಿಲು ಬಡಿದದ್ದೇ ಇಲ್ಲ. ಕೈ ಎತ್ತುವುದರೊಳಗೆ ಅಗಳಿ ಸರಿಯುತ್ತಿತ್ತು, ದಾನವ್ವ ನಿಂತಿರುತ್ತಿದ್ದಳು. ಬಾರಿನಲ್ಲಿ ಕುಳಿತು ಇದನ್ನು ಅವನು ಹೆಮ್ಮೆಯಿಂದ ಹೇಳಿಕೊಂಡಿದ್ದ: ನಮ್ಮಾಕಿ ಜೀವಾ ಎಲ್ಲಾ ನನ್ನ ಮ್ಯಾಲ, ನಾ ಬಡಿಯೂದರಾಗ ಬಾಗಲಾ ತಗೀತಾಳ. ಆವತ್ತು ಮೌಲಾಲಿ ಕೂಡ ಗ್ಲಾಸು ಎತ್ತಿ, "ಪುಣ್ಯವಂತ್ರಿ ನೀವು," ಎಂದಿದ್ದ. ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಅವಚಿ ಕುಳಿತು ಅವನು ತನ್ನ ಎಡಗಾಲಿನ ಚಪ್ಪಲಿ ನೋಡಿಕೊಂಡ. ಅದರ ಹಿಮ್ಮಡಿ ಬಲಗಾಲಿನದಕ್ಕಿಂತ ಹೆಚ್ಚು ಸವೆದಿತ್ತು.

"ನಿಮ್ಮ ಮನ್ಯಾಗ ಯಾರ್ರಿ ಕಾಕಾ?" ಸುಕನ್ಯಾ ಕೇಳಿದಳು.

"ಮಗ್ರಿ," ಎಂದ.

ನಾಲಿಗೆಯಿಂದ ಬಿದ್ದ ಮೇಲೆ ಅದನ್ನು ಹೆಕ್ಕಿಕೊಳ್ಳಲು ಜಾಗವೇ ಉಳಿಯಲಿಲ್ಲ. "ಅಯ್ಯ ಶಿವನ, ಈ ವಯಸ್ಸಿನ್ಯಾಗ," ಎಂದು ರೇಣವ್ವ ಗಲ್ಲಕ್ಕೆ ಕೈ ಹಚ್ಚಿದಳು. ಎಲ್ಲರಿಗೂ ಕಾಗದದ ಕಪ್ಪು, ಅವನಿಗೆ ಮಾತ್ರ ಸ್ಟೀಲಿನ ಲೋಟದಲ್ಲಿ ಚಹಾ. ಕಿಟಕಿಯ ಹತ್ತಿರ ಗಾಳಿ ಬರುವ ಜಾಗ ಬಿಟ್ಟುಕೊಟ್ಟರು. "ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟ ಹೋಗೂದ್ರಿ, ಹೊರಗ ಒಯ್ಯೂದಿಲ್ಲ," ಎಂದು ಸುಕನ್ಯಾ ಹೇಳಿದ ಮೇಲಂತೂ ಅವನಿಗೆ ಒಂದು ನಮೂನೆಯ ನೆಮ್ಮದಿ. ಸುಳ್ಳು ಈ ಖೋಲಿಯಲ್ಲೇ ಹುಟ್ಟಿ ಈ ಖೋಲಿಯಲ್ಲೇ ಸಾಯುತ್ತದೆ, ಯಾರಿಗೂ ನಷ್ಟವಿಲ್ಲ. ಮುಂದಿನ ಐತವಾರ ಆ ಖೋಲಿಗೆ ಹೋಗುತ್ತೇನೆ ಅಂದುಕೊಂಡ. ಮುಂದಿನ ಐತವಾರವೂ ಕಿಟಕಿಯ ಜಾಗ ಖಾಲಿ ಇಟ್ಟಿದ್ದರು. ಎದುರಿನ ಬಾಗಿಲಲ್ಲಿ ಮೌಲಾಲಿ ನಿಂತು ನೋಡಿ ಒಳಗೆ ಹೋದ. ಕೆಲವು ವಾರದ ಮೇಲೆ ಒಮ್ಮೆ ಗೇಟಿನ ಹತ್ತಿರ ಮಾತ್ರ ಕೇಳಿದ: "ಆ ಖೋಲ್ಯಾಗ ಛಲೋ ಅನಸ್ತದೇನ್ರಿ ಸಾವ್ಕಾರ?" ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಅದಕ್ಕೇ ಅದು ಚುಚ್ಚಿತು.

ಬಸ್ಸಿನಲ್ಲಿ ದಾನವ್ವ ಕಿಟಕಿಗೆ ಕುಳಿತಳು. ತೊಡೆಯ ಮೇಲೆ ಒಂದು ಡಬ್ಬಿ. "ಶೇಂಗಾ ಉಂಡಿ ಅದಾವ್ರಿ. ನಿಮ್ಮ ಖೋಲಿಯವರಿಗೆ ಕೊಡ್ರಿ. ಬಿಟ್ಟಾವ್ರಿಗೆ ಸಿಹಿ ತಿನಬೇಕ ಅನಸ್ತದಂತ, ಮೌಲಾಲಿ ಹೇಳಿದ," ಎಂದು ಡಬ್ಬಿಯನ್ನು ಅವನ ಕೈಗಿಟ್ಟಳು. ಮುಚ್ಚಳದ ಸಂದಿಯಿಂದ ಹೊಸ ಬೆಲ್ಲದ ವಾಸನೆ ಬರುತ್ತಿತ್ತು. ಅಂದರೆ ಇವಳು ನಸುಕಿನಲ್ಲೇ ಎದ್ದು, ಶೇಂಗಾ ಹುರಿದು, ತನಗೆ ಒಂದು ಮಾತೂ ಹೇಳದೆ ಕಟ್ಟಿದ್ದಾಳೆ. ಹೇಳಬೇಕು, ಈಗಲೇ ಹೇಳಬೇಕು. ಮುಂದಿನ ಸ್ಟಾಪಿನಲ್ಲಿ ಹೇಳುತ್ತೇನೆ. ಮುಂದಿನ ಸ್ಟಾಪಿನಲ್ಲಿ ಸೆರಗು ಹೊದ್ದ ಮುದುಕಿಯೊಬ್ಬಳು ಹತ್ತಿ ಅವನ ಪಕ್ಕದಲ್ಲೇ ನಿಂತಳು. ಅವಳ ಮುಂದೆ ಹೇಗೆ ಹೇಳುವುದು. "ಶಿವ್ಯಾ ನಿನ್ನೆ ಏನಂದ ಗೊತ್ತೇನ್ರಿ?" ದಾನವ್ವ ಕಿಟಕಿಯ ಕಡೆ ನೋಡುತ್ತಲೇ ಅಂದಳು. "'ಅಪ್ಪನ ಕೈ ನಡಗೂದು ಕಡಿಮಿ ಆಗೇತಿ, ಅವ್ವಾ' ಅಂದ."

ಮಗ ಶಿವಯೋಗೀಶ ಧಾರವಾಡದ ಆಚೆಯ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ದುಡಿಯುವವನು. ನೀಲಿ ಅಂಗಿ ಹಾಕಿಕೊಂಡು ಕಂಪನಿ ಬಸ್ಸಿಗೆ ಹೋಗುತ್ತಾನೆ, ಬಂದು ಉಂಡು ಮಲಗುತ್ತಾನೆ, ತಂದೆಯ ಜೊತೆ ಮಾತು ಬಿಟ್ಟು ಬಹಳ ದಿನವಾಯಿತು. ಏನಿದ್ದರೂ ತಾಯಿಗೆ ಹೇಳುತ್ತಾನೆ, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ. "ಅವ್ವಾ, ಇನ್ನೊಮ್ಮೆ ಹಿಂಗಾತಂದ್ರ ನಾ ನಿನ್ನ ಕರಕೊಂಡ ಧಾರವಾಡದಾಗ ಮನಿ ಮಾಡ್ತೇನಿ. ಇಲ್ಲಿ ಇರೂದಿಲ್ಲ. ನೀ ಬರ್ತಿಯೋ ಇಲ್ಲೋ ಹೇಳು." ಆವತ್ತು ದಾನವ್ವ ಹೂ ಅಂದಿರಲಿಲ್ಲ. ಇಲ್ಲ ಅಂದಿರಲಿಲ್ಲ. ಆ ರಾತ್ರಿಯಿಂದ ಗುರುಬಸಪ್ಪ ಗ್ಲಾಸು ಮುಟ್ಟಿಲ್ಲ. ಅದು ಹೆಬ್ಬಳ್ಳಿಯಿಂದ ಹೆಣ್ಣಿನ ಕಡೆಯವರು ಬಂದು ಹೋದ ರಾತ್ರಿ. ಹುಡುಗನನ್ನು ನೋಡಲು ಬಂದವರು, ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದು ಕುಳಿತವರು, ಹುಡುಗನ ತಂದೆ ಬಾಗಿಲಲ್ಲಿ ಎಡವಿ ಜಮಖಾನದ ಮೇಲೆ ಬಿದ್ದು ಧೋತರ ಸರಿಮಾಡಿಕೊಳ್ಳಲಾಗದೆ ನಗುವುದನ್ನು ನೋಡಿದರು. "ಬಿಸಲ ಹತ್ತೇತ್ರಿ ಅವರಿಗೆ," ಎಂದಿದ್ದಳು ದಾನವ್ವ, ಎಲ್ಲರಿಗಿಂತ ಮೊದಲು. "ಮುಂಜಾನಿಂದ ಉಂಡಿಲ್ರಿ, ಬಿಸಲ ಹತ್ತೇತಿ." ಬಂದವರಲ್ಲಿ ಹಿರಿಯನೊಬ್ಬ ಹೊರಗೆ ನೋಡಿದ. ಶ್ರಾವಣದ ಜಿಟಿಜಿಟಿ, ಆವತ್ತು ಇಡೀ ದಿನ ಸೂರ್ಯ ಕಂಡೇ ಇರಲಿಲ್ಲ. ಆತ ಕೊಡೆ ಬಿಚ್ಚಿದ. ಅವರು ತಿರುಗಿ ಬರಲಿಲ್ಲ. ಶಿವಯೋಗೀಶ ಹೊಸ ಅಂಗಿಯ ಗುಂಡಿ ಒಂದೊಂದಾಗಿ ಬಿಚ್ಚುತ್ತ ನಿಂತದ್ದು ಇನ್ನೂ ಅವನ ಕಣ್ಣಿಗೆ ಕಟ್ಟಿದೆ.

ಇದೇ ಮಾತನ್ನು ಅವನು ಆ ಖೋಲಿಯಲ್ಲಿ ಹೇಳಿದ್ದ. ಹೇಳದೆ ಇರಲಾಗಿರಲಿಲ್ಲ, ಅಷ್ಟು ದಿನದಿಂದ ಎದೆಯಲ್ಲಿ ಕುಳಿತಿತ್ತು. ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ: ಜಮಖಾನ, ಉಪ್ಪಿಟ್ಟು, ಬಿದ್ದು ನಕ್ಕ ನಗು. ಬಿದ್ದವನು ಮಾತ್ರ ಮಗ. ತನ್ನನ್ನು ನೋಡಲು ಬಂದವರ ಮುಂದೆ ತಾನೇ ಬಿದ್ದ ಮಗ. ಹೇಳುತ್ತ ಅತ್ತ, ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತ. ಆ ಅಳುವಿನಲ್ಲಿ ಒಂದು ಹನಿಯೂ ಸುಳ್ಳಿರಲಿಲ್ಲ. ರೇಣವ್ವ ಎದ್ದು ಬಂದು ಬೆನ್ನ ಮೇಲೆ ಕೈ ಇಟ್ಟಳು. "ನಿಮ್ಮಂಥ ತಂದಿ ಹೊಟ್ಟ್ಯಾಗ ಹುಟ್ಟಿ ಅಂವ ಹಿಂಗ್ಯಾಕ ಆದ್ನರಿ," ಎಂದಳು. ಬೆನ್ನ ಮೇಲಿನ ಆ ಕೈ ಬೆಚ್ಚಗಿತ್ತು. ಅದನ್ನು ತೆಗೆಯಬಾರದು, ಇನ್ನಷ್ಟು ಹೊತ್ತು ಇರಲಿ ಎಂದು ಅನಿಸಿದ್ದು ನೆನಪಾಗಿ ಈಗ ಬಸ್ಸಿನಲ್ಲಿ ಅವನ ಕಿವಿ ಬಿಸಿಯಾದವು.

ಯಾವಾಗಿನಂತೆ ಒಂದು ಸ್ಟಾಪು ಮೊದಲೇ ಎದ್ದು ಇಳಿದ. ಹಿಂದಿನಿಂದ ದಾನವ್ವ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಊರುತ್ತ ಇಳಿದಳು. ಬಸ್ಸು ಹೋದ ಮೇಲೆ ಅವನಿಗೆ ಎಚ್ಚರವಾಯಿತು.

"ಇಲ್ಲೇ ಏನ್ರಿ?"

"ಇನ್ನಷ್ಟ... ಮುಂದ ಐತಿ."

ಅವಳು ರಸ್ತೆ ನೋಡಿದಳು, ಅವನ ಮುಖ ನೋಡಿದಳು, ತಿಳಿದುಕೊಂಡಳು. "ಛಲೋ ಆತ ಬಿಡ್ರಿ. ಬಸ್ಸಿನ್ಯಾಗ ಉಸರ ಕಟ್ಟಿತ್ತು. ಗಾಳಿಗೆ ನಡಕೋತ ಹೋಗೂಣು," ಎಂದು ಕುಂಟುತ್ತ ನಡೆದಳು. ಅವನ ನಾಚಿಕೆಗೆ ಸೆರಗು ಹಾಕಲು ಅವಳಿಗೆ ಒಂದು ಗಳಿಗೆಯೂ ಹಿಡಿಯಲಿಲ್ಲ. ಅಷ್ಟು ರೂಢಿಯಾಗಿತ್ತು. ದಾನವ್ವ, ಸ್ವಲ್ಪ ನಿಲ್ಲು ಎಂದು ಕರೆಯಲು ಬಾಯಿ ತೆರೆದ. ಅವಳು ತಿರುಗಿ, "ಲಗೂ ಬರ್ರಿ, ಹೊತ್ತಾದೀತು," ಎಂದಳು. ಮದುವೆಗೆ ಹೊರಟವರ ಹುರುಪು ಅವಳ ದನಿಯಲ್ಲಿತ್ತು.

ಗೇಟಿನೊಳಗೆ ಕಾಲಿಡುತ್ತಲೇ ಸುಕನ್ಯಾ ಕಂಡಳು. "ಅವ್ವಾರನ್ನ ಕರಕೊಂಡ ಬಂದ್ರೇನ್ರಿ ಕಾಕಾ! ಬರ್ರಿ ಅವ್ವಾ, ಬರ್ರಿ," ಎಂದು ದಾನವ್ವನ ಕೈ ಹಿಡಿದಳು. ಆಚೆಯ ಬಾಗಿಲಲ್ಲಿ ಮೌಲಾಲಿ ನಿಂತಿದ್ದ. ಈಗಲೂ ಆ ಕಡೆ ತಿರುಗಬಹುದಿತ್ತು. ಬೇವಿನ ಗಿಡ ದಾಟಿದರೆ ಆಯಿತು. ಆದರೆ ಸುಕನ್ಯಾ, "ನಿಮ್ಮ ಕಿಡಕಿ ಜಾಗಾ ಹಿಡದ ಇಟ್ಟೇವ್ರಿ ಕಾಕಾ," ಎಂದು ಕರೆದಳು. ದಾನವ್ವ ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದಳು. ಗುರುಬಸಪ್ಪ ತಲೆತಗ್ಗಿಸಿ ಅವಳನ್ನು ದಾಟಿ ಒಳಗೆ ಹೋಗಿ ಕಿಟಕಿಯ ಹತ್ತಿರ ಕುಳಿತ, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು. ಕೇಳದೆಯೇ ಸ್ಟೀಲಿನ ಲೋಟ ಅವನ ಮುಂದೆ ಬಂತು.

"ಕಾಕಾ ಎಲ್ಲಾ ಹೇಳ್ಯಾರ್ರಿ ಅವ್ವಾ," ಎಂದಳು ಸುಕನ್ಯಾ, ದಾನವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು. "ನಿಮ್ಮ ಮಗನ ಸಲುವಾಗಿ ಅವರ ಜೀವಾ ಎಷ್ಟ ತಳಮಳಿಸ್ತದ ಅಂತ. ನೋಡಾಕ ಬಂದವರ ಮುಂದ ಹಂಗ ಬಿದ್ನಂತಲ್ರಿ..."

"ಹಡದ ಹೊಟ್ಟಿಗೆ ಹೆಂಗಾಗಿರಬೇಕು," ಎಂದಳು ರೇಣವ್ವ.

ದಾನವ್ವ ಗೋಡೆಯ ಮೇಲಿನ ಅಕ್ಷರ ನೋಡಿದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಸ್ಟೀಲಿನ ಲೋಟ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ಅವನು ಅದನ್ನು ಹಿಡಿದುಕೊಂಡು ಏಳಬಹುದಿತ್ತು. ಅವಳು ಒಂದು ಹೊಸ ಪಾತ್ರೆ ಎಲ್ಲಿ ಸೋರುತ್ತಿದೆ ಎಂದು ಹುಡುಕುವವಳಂತೆ ನೋಡಿದಳು, ಹುಡುಕಿ ಮುಗಿಸಿದಳು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಅವತ್ತ ಅಂವಗ ಬಿಸಲ ಹತ್ತಿತ್ರಿ," ಎಂದಳು.

ಅದೇ ದನಿ. ಮಾತು ಕೂಡ ಅದೇ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ಲಿ ಮುಚ್ಚಿಡೂದು ಬ್ಯಾಡ್ರಿ ಅವ್ವಾ," ಸುಕನ್ಯಾ ಮೆಲ್ಲಗೆ ಅಂದಳು. "ನಾವೆಲ್ಲಾರೂ ಹಿಂಗ ಹೇಳ್ಕೋತ ಬಂದಾವ್ರ. ಇಲ್ಲಿ ಒಮ್ಮೆ ಬಾಯಿಬಿಟ್ಟ ಹೇಳ್ರಿ, ಹಗರ ಆಗ್ತೀರಿ."

ದಾನವ್ವ ತನ್ನ ಬಳೆಗಳನ್ನು ಮುಂಗೈಯ ಮೇಲೆ ಸರಿಸಿದಳು, ತಿರುಗಿ ಸರಿಸಿದಳು. "ಹೂನ್ರಿ," ಎಂದಳು. "ಕುಡೀತಾನ್ರಿ ನಮ್ಮ ಹುಡುಗ."

ಹೊರಗೆ ಗಿಡದಲ್ಲಿ ಕಾಗೆ ಕೂಗಿತು. ಗುರುಬಸಪ್ಪ ಎದ್ದು ನಿಂತಿದ್ದ. ಯಾವಾಗ ಎದ್ದನೋ ಅವನಿಗೇ ತಿಳಿಯದು. "ಸುಳ್ಳ ಹೇಳಾಕತ್ತಾಳ್ರಿ ಅಕಿ," ಎಂದ.

ಖೋಲಿಯ ಕಣ್ಣುಗಳೆಲ್ಲ ದಾನವ್ವನ ಮೇಲೆ ಹೋದವು. ಸುಳ್ಳು ಹೇಳುವ ಹೆಂಗಸನ್ನು ನೋಡುವ ಹಾಗೆ ನೋಡಿದವು. ಅವಳು ತಲೆ ಎತ್ತಲಿಲ್ಲ. ತಾನು ಏನಂದೆ ಎಂಬುದು ಆಗ ಅವನಿಗೇ ಕೇಳಿಸಿತು. ಇಷ್ಟಾದ ಮೇಲೂ, ಬಾಯಿ ತೆರೆದ ಕೂಡಲೇ ಅದು ಅವಳತ್ತಲೇ ಬೆರಳು ತೋರಿಸಿತ್ತು. "ನಮ್ಮ ಶಿವಯೋಗೀಶ ಬಾಯಾಗ ಅಡಕಿ ಸುದ್ದಾ ಹಾಕೂದಿಲ್ರಿ," ಎಂದ.

"ಹಂಗಾರ ನಿಮ್ಮ ಮನ್ಯಾಗ ಯಾರ್ರಿ ಕುಡಿಯೂದು?" ರೇಣವ್ವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಅವನು ಡಬ್ಬಿಯನ್ನು ಎದೆಗವಚಿಕೊಂಡ. ಬೆಂಚು ಮತ್ತು ಗೋಡೆಯ ಸಂದಿಯಲ್ಲಿ ಅಡ್ಡಡ್ಡ ಸರಿಯುತ್ತ, ಹೆಂಗಸರ ಕಾಲು ತುಳಿಯದಂತೆ ಧೋತರ ಎತ್ತಿ ಹಿಡಿದು, ಬಾಗಿಲು ದಾಟಿ, ಬೇವಿನ ಗಿಡ ದಾಟಿದ. ರೇಣವ್ವನಿಗೆ ಉತ್ತರ ಸಿಕ್ಕಿತ್ತು. ಮೌಲಾಲಿ ಬೆಂಚಿನ ಮೇಲೆ ಸರಿದು ಜಾಗ ಬಿಟ್ಟ.

ಈ ಖೋಲಿಯಲ್ಲಿ ಸ್ಟೀಲಿನ ಲೋಟ ಇರಲಿಲ್ಲ. ಬೀಡಿಯ ವಾಸನೆ, ಬೆವರು. ಎದುರಿಗೆ ಕಾಲೇಜು ಮಾಸ್ತರನಂಥ ಒಬ್ಬ, ಗಾರೆ ಮೆತ್ತಿದ ಪ್ಯಾಂಟಿನವನೊಬ್ಬ. ಅವನ ವಿಭೂತಿಯನ್ನು ಯಾರೂ ನೋಡಲಿಲ್ಲ, ನಡುಗುವ ಕೈಯನ್ನು ನೋಡಿದರು. ಡಬ್ಬಿ ಕೈಯಿಂದ ಕೈಗೆ ಹೋಯಿತು. "ಯಾರ್ರಿ ಮಾಡಿದ್ದು? ಬಾಳ ಹದಾ ಬಂದಾವು," ಎಂದ ಗಾರೆಯವನು. ತನ್ನ ಹೆಸರು, ತನ್ನ ಕುಡಿತ ಹೇಳಿಕೊಳ್ಳುವ ಸರದಿ ಬಂದಾಗ ಗುರುಬಸಪ್ಪ ಎದ್ದು ನಿಂತು, "ನಾ ಗುರುಬಸಪ್ಪ," ಎಂದ. ಅಷ್ಟು ಹೇಳಿ, ಡಬ್ಬಿ ಹುಡುಕುವವನ ಹಾಗೆ ಸುತ್ತ ನೋಡಿದ. ಎಲ್ಲರೂ ಕಾದರು. "ಇವತ್ತಿಗೆ ಸಾಕ್ರಿ. ಹೆಸರಾದ್ರೂ ಹೇಳಿದ್ರಿ," ಎಂದು ಮೌಲಾಲಿ ಅವನ ಧೋತರದ ಅಂಚು ಹಿಡಿದು ಕೂಡಿಸಿದ. ಉಳಿದ ಹೊತ್ತೆಲ್ಲ ಗುರುಬಸಪ್ಪ ಎದುರಿನ ಖೋಲಿಗೆ ಕಿವಿಗೊಟ್ಟು ಕುಳಿತ. ಅವಳು ಈಗ ಅಳುತ್ತಿರಬಹುದು, ಖರೆ ಹೇಳುತ್ತಿರಬಹುದು, ಆ ಜಮಖಾನದ ಮಾತು ಈಗ ಸರಿಯಾದ ಹೆಸರಿನಿಂದ ಆ ಗೋಡೆಗಳ ನಡುವೆ ಓಡಾಡುತ್ತಿರಬಹುದು. ಯಾರದೋ ದನಿ ಕೇಳಿಸುತ್ತಿತ್ತು, ದಾನವ್ವನದಲ್ಲ.

ಸಭೆ ಮುಗಿದಾಗ ಸುಕನ್ಯಾ ನಳದ ಕೆಳಗೆ ಕಿಟ್ಲಿ ತೊಳೆಯುತ್ತಿದ್ದಳು. "ಅವ್ವಾರು ಆಗಲೇ ಹೋದ್ರು," ಎಂದಳು, ಮುಖ ಎತ್ತದೆ. "ಏನೂ ಹೇಳಲಿಲ್ಲ. ಒಂದ ಲೋಟ ನೀರ ಕುಡದು ಎದ್ದ ಹೋದ್ರು." ಕಾಕಾ ಎನ್ನಲಿಲ್ಲ. ಮೌಲಾಲಿ ಆಟೋದಲ್ಲಿ ಬಿಡುತ್ತೇನೆ ಎಂದ, ಗುರುಬಸಪ್ಪ ಬೇಡವೆಂದ. ಆವತ್ತು ಸಾಲೆಯ ಎದುರಿನ ಸ್ಟಾಪಿನಲ್ಲೇ, ಎಲ್ಲರೂ ನೋಡುವಂತೆ, ಖಾಲಿ ಡಬ್ಬಿ ಹಿಡಿದು ನಿಂತ. ಯಾರೂ ನೋಡಲಿಲ್ಲ. ಬಸ್ಸು ಬಾರಿನ ಓಣಿಯ ಬಾಯಿಯಲ್ಲಿ ಸಿಗ್ನಲ್ಲಿಗೆ ನಿಂತಾಗ ಹಳೆಯ ವಾಸನೆ ಕಿಟಕಿಯಿಂದ ಒಳಗೆ ಬಂದು ತೊಡೆಯ ಮೇಲೆ ಕುಳಿತ ಹಾಗಾಯಿತು. ಇಳಿಯಬಹುದು. ಇಳಿದರೆ ಮನೆಗೆ ಹೋಗುವುದು ಸುಲಭ, ಒಂದು ಕಾಲು ಎಳೆಯುತ್ತ ಹೋದರೆ ಬಾಗಿಲು ತಾನಾಗಿ ತೆರೆಯುತ್ತದೆ. ಡಬ್ಬಿಯ ಮುಚ್ಚಳ ತೆರೆದು ತಳದ ಬೆಲ್ಲದ ಪುಡಿಗೆ ಬೆರಳೊತ್ತಿ ನಾಲಿಗೆಗೆ ಹಚ್ಚಿಕೊಂಡ. ಬಸ್ಸು ಹೊರಟಿತು.

ಮನೆಯಿದ್ದ ಗೋಪನಕೊಪ್ಪದಲ್ಲಿ ದೀಪ ಹಚ್ಚುವ ಹೊತ್ತು. ಓಣಿಯಲ್ಲಿ ಅವನ ಹೆಜ್ಜೆ ಅವನಿಗೇ ಕೇಳುವಷ್ಟು ನೆಟ್ಟಗೆ ಬೀಳುತ್ತಿದ್ದವು, ಒಂದಾದ ಮೇಲೆ ಒಂದು. ಒಳಗೆ ದಾನವ್ವ ರೊಟ್ಟಿ ಬಡಿಯುವ ಸಪ್ಪಳ. ಶಿವಯೋಗೀಶನ ಬೂಟು ಹೊರಗಿರಲಿಲ್ಲ, ಅವನಿನ್ನೂ ಬಂದಿಲ್ಲ. ಗುರುಬಸಪ್ಪ ಬಾಗಿಲ ಮುಂದೆ ನಿಂತ. ಅಗಳಿ ಸರಿಯಲಿಲ್ಲ. ಸ್ವಲ್ಪ ಹೊತ್ತು ನಿಂತೇ ಇದ್ದ. ತನ್ನ ಮನೆಯ ಬಾಗಿಲನ್ನು ಎಲ್ಲಿ, ಎಷ್ಟು ಜೋರಿನಿಂದ ಬಡಿಯಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಕೈ ಎತ್ತಿ ಬೆರಳ ಗಣ್ಣಿನಿಂದ ಮೆಲ್ಲಗೆ ಬಡಿದ.

ರೊಟ್ಟಿಯ ಸಪ್ಪಳ ನಿಂತಿತು.

ಅವನು ಉಸಿರು ಹಿಡಿದು ಕಾದ. ಬಳೆಯ ಸದ್ದು ಕೂಡ ಬರಲಿಲ್ಲ. ಆಮೇಲೆ ಒಳಗೆ ಹಿಟ್ಟಿನ ಮೇಲೆ ಅಂಗೈ ಬಿತ್ತು, ಇನ್ನೊಮ್ಮೆ ಬಿತ್ತು, ಸಪ್ಪಳ ಮೊದಲಿನ ಹಾಗೆಯೇ ಶುರುವಾಯಿತು.

ಅವನು ತಿರುಗಿ ಬಡಿಯಲಿಲ್ಲ. ಚಪ್ಪಲಿ ಬಿಟ್ಟು ಗೋಡೆಗೆ ಸರಿಯಾಗಿ ಜೋಡಿಸಿಟ್ಟ. ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆಯವರ ಮನೆಗೆ ಬಂದವನು ಕೂರುವ ಹಾಗೆ ಕಟ್ಟೆಯ ತುದಿಗೆ ಕುಳಿತುಕೊಂಡ.